ಬಯೋಮೆಟ್ರಿಕ್ ಮ್ಯಾಚ್ ಆದ ಮಾತ್ರಕ್ಕೆ ದುಡ್ಡು ತೆಗೆದವರು ನೀವೇ ಅಂತಲ್ಲ

ಊರಲ್ಲಿ ವಯಸ್ಸಾದ ಅಪ್ಪ ಅಮ್ಮ ಇದ್ದು, ಅವರ ಪಿಂಚಣಿ ಆಧಾರ್ ಜೋಡಿಸಿದ ಖಾತೆಗೆ ಬರುತ್ತಿದ್ದರೆ ದಯವಿಟ್ಟು ಇದನ್ನು ಪೂರ್ತಿ ಓದಿ. ನಮ್ಮ ಸೋದರತ್ತೆಯ ಖಾತೆಯಿಂದ ದುಡ್ಡು ಹೋಯಿತು. ಯಾರೂ ಫೋನ್ ಮಾಡಿರಲಿಲ್ಲ, ಒಟಿಪಿ ಕೇಳಿರಲಿಲ್ಲ. ಅತ್ತೆ ಹತ್ತಿರ ಇರುವುದು ಬಟನ್ ಫೋನ್. ಎಟಿಎಂ ಕಾರ್ಡನ್ನಂತೂ ಅವರು ಮಾಡಿಸಿಯೇ ಇಲ್ಲ.

ಪಾಸ್‌ಬುಕ್ ಎಂಟ್ರಿ ಹಾಕಿಸಿದಾಗ ವಿಷಯ ಗೊತ್ತಾಯಿತು. 10,000 ರೂಪಾಯಿ, ಅದೇ ದಿನ ಮತ್ತೆ 10,000, ಮರುದಿನ 9,500. ಮೂರರ ಮುಂದೆಯೂ ‘ಎಇಪಿಎಸ್’ ಅಂತ ಇತ್ತು, ಅಂದರೆ ಆಧಾರ್ ನಂಬರ್ ಮತ್ತು ಬೆರಳಚ್ಚು ಕೊಟ್ಟು ದುಡ್ಡು ತೆಗೆಯುವ ವ್ಯವಸ್ಥೆ. ಮೆಸೇಜ್‌ಗಳೇನೋ ಬಂದಿದ್ದವು, ಆದರೆ ಇಂಗ್ಲಿಷಿನಲ್ಲಿ, ರೀಚಾರ್ಜ್ ಜಾಹೀರಾತುಗಳ ನಡುವೆ.

ಬ್ಯಾಂಕಿನವರು ಕಂಪ್ಯೂಟರ್ ನೋಡಿ ಒಂದೇ ಮಾತು ಹೇಳಿದರು: “ಬಯೋಮೆಟ್ರಿಕ್ ಮ್ಯಾಚ್ ಆಗಿದೆ ಅಮ್ಮಾ. ನೀವೇ ಹೆಬ್ಬೆಟ್ಟು ಕೊಟ್ಟಿರ್ತೀರಿ, ನೆನಪಿಲ್ಲ ಅಷ್ಟೇ.” ಅತ್ತೆ ಎರಡು ಸಲ “ನಾನು ಊರು ಬಿಟ್ಟು ಎಲ್ಲೂ ಹೋಗಿಲ್ಲ ಸಾರ್” ಅಂದರು. ಆಮೇಲೆ ಸುಮ್ಮನಾದರು. ತನ್ನ ನೆನಪಿನ ಮೇಲೇ ಅವರಿಗೆ ಅನುಮಾನ ಬಂದುಬಿಟ್ಟಿತ್ತು. ದುಡ್ಡು ಹೋದದ್ದಕ್ಕಿಂತ ನನಗೆ ಇದೇ ಜಾಸ್ತಿ ಸಂಕಟವಾದದ್ದು.

ಇದೇ ಅತ್ತೆಯ ಬೆರಳು ನ್ಯಾಯಬೆಲೆ ಅಂಗಡಿಯ ಮೆಷಿನ್‌ನಲ್ಲಿ ಒಂದೇ ಸಲಕ್ಕೆ ಓದಿದ್ದೇ ಇಲ್ಲ. ಜೀವಮಾನವಿಡೀ ಪಾತ್ರೆ ತಿಕ್ಕಿ, ಕಳೆ ಕಿತ್ತು ಗೆರೆಯೆಲ್ಲ ಸವೆದಿದೆ. ಸೆರಗಿಗೆ ಹೆಬ್ಬೆರಳು ಉಜ್ಜಿ ಒತ್ತುತ್ತಾರೆ, ಕೆಂಪು ದೀಪ. ತೋರುಬೆರಳು ಇಡುತ್ತಾರೆ, ಮತ್ತೆ ಕೆಂಪು. ಅಸಲಿ ಬೆರಳಿಗೆ ಇಷ್ಟು ತಕರಾರು ಮಾಡುವ ವ್ಯವಸ್ಥೆ, ಎಲ್ಲೋ ದೂರದಲ್ಲಿ ಯಾರೋ ಒತ್ತಿದ ನಕಲಿ ಬೆರಳಿಗೆ ಮೂರೂ ಸಲ ಒಪ್ಪಿಗೆ ಕೊಟ್ಟಿತ್ತು.

ಹೀಗೂ ಆಗುತ್ತದಾ? ಆಗುತ್ತದೆ. ಬಯೋಮೆಟ್ರಿಕ್ ಅಂದರೆ ಮೈಯ ಗುರುತನ್ನು ಅಳೆದು ಆಳನ್ನು ಪತ್ತೆ ಮಾಡುವುದು. ಆಧಾರ್ ಮಾಡಿಸುವಾಗ ಹತ್ತು ಬೆರಳು, ಎರಡು ಕಣ್ಣಿನ ಪಾಪೆ, ಮುಖದ ಫೋಟೊ ತೆಗೆದುಕೊಂಡರಲ್ಲ, ಅದು. ಬೆರಳಿಟ್ಟಾಗ ಗೆರೆಗಳು ಎಲ್ಲಿ ಮುಗಿಯುತ್ತವೆ, ಎಲ್ಲಿ ಕವಲೊಡೆಯುತ್ತವೆ ಅಂತ ಮೊದಲೇ ಇಟ್ಟಿರುವ ದಾಖಲೆಯ ಜೊತೆ ತಾಳೆ ನೋಡುತ್ತಾರೆ. ಒಂದು ಮಟ್ಟಕ್ಕಿಂತ ಹೆಚ್ಚು ತಾಳೆಯಾದರೆ ‘ಹೌದು’, ಇಲ್ಲದಿದ್ದರೆ ‘ಅಲ್ಲ’. ಆ ‘ಹೌದು’ ಬರೀ ಗೆರೆಗಳ ಬಗ್ಗೆ. ಗೆರೆಗಳ ಹಿಂದೆ ಜೀವ ಇರುವ ಬೆರಳಿದೆಯಾ ಅನ್ನುವುದು ಬೇರೆ ಪರೀಕ್ಷೆ. 2002ರಲ್ಲೇ ಜಪಾನಿನ ತ್ಸುತೊಮು ಮಾತ್ಸುಮೊಟೊ ಮತ್ತು ಸಂಗಡಿಗರು ಜೆಲಾಟಿನ್‌ನಿಂದ ಬೆರಳು ಮಾಡಿ ಆಗಿನ ಮೆಷಿನ್‌ಗಳನ್ನು ಏಮಾರಿಸಿ ತೋರಿಸಿದ್ದರು. ನಮ್ಮಲ್ಲೂ ಆಧಾರ್ ಪ್ರಾಧಿಕಾರ ಬೆರಳು ಜೀವಂತವೇ ಎಂದು ನೋಡುವ ಹೊಸ ತಪಾಸಣೆಯನ್ನು 2023ರಲ್ಲಿ ತಂದಿತು. ನಕಲಿ ಬೆರಳಿನ ಕಾಟ ಇಲ್ಲದೆ ಅದನ್ನು ತರುತ್ತಿದ್ದರಾ?

ಎಇಪಿಎಸ್‌ನಲ್ಲಿ ದುಡ್ಡು ತೆಗೆಯಲು ಬೇಕಾಗುವುದು ಮೂರೇ: ಆಧಾರ್ ನಂಬರ್, ಬ್ಯಾಂಕಿನ ಹೆಸರು, ಬೆರಳಚ್ಚು. ಪಿನ್ ಬೇಡ, ಒಟಿಪಿ ಬೇಡ. ಬ್ಯಾಂಕ್ ಇಲ್ಲದ ಹಳ್ಳಿಗಳಲ್ಲಿ ಇದರಿಂದ ಉಪಕಾರವಾಗಿದೆ, ಇಲ್ಲ ಅನ್ನಲ್ಲ. ಆದರೆ ಆಸ್ತಿ ನೋಂದಣಿ ಪತ್ರದಲ್ಲಿ ಹೆಬ್ಬೆಟ್ಟಿನ ಗುರುತು ಇರುತ್ತದೆ, ಎಷ್ಟೋ ಪತ್ರಗಳಲ್ಲಿ ಆಧಾರ್ ನಂಬರೂ ಇರುತ್ತದೆ. ಅಂಥ ಪತ್ರಗಳಿಂದ ಅಚ್ಚು ಎತ್ತಿ ನಕಲಿ ಬೆರಳಚ್ಚು ಮಾಡಿದ ಪ್ರಕರಣ 2018ರಲ್ಲಿ ತೆಲಂಗಾಣದಲ್ಲಿ ಸಿಕ್ಕಿಬಿತ್ತು. 2023ರಲ್ಲಿ ಕರ್ನಾಟಕದಲ್ಲೂ ಜಮೀನು, ಸೈಟು ನೋಂದಣಿ ಮಾಡಿಸಿದವರ ಖಾತೆಯಿಂದ ದುಡ್ಡು ಹೋದ ದೂರುಗಳು ಬಂದವು. ಅತ್ತೆಯ ಅಚ್ಚು ಎಲ್ಲಿಂದ ಹೋಯಿತೋ ಇನ್ನೂ ಪತ್ತೆಯಾಗಿಲ್ಲ. ಪಾಸ್‌ವರ್ಡ್ ಕಳವಾದರೆ ಬದಲಾಯಿಸಬಹುದು. ಹೆಬ್ಬೆರಳು ಬದಲಾಯಿಸುವುದು ಹೇಗೆ?

ನಿಮಗೂ ಬ್ಯಾಂಕಿನವರು ‘ಮ್ಯಾಚ್ ಆಗಿದೆ’ ಅಂದರೆ ಅಲ್ಲಿಗೇ ಎದ್ದು ಬರಬೇಡಿ. ಮೊದಲು ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಫೋನ್ ಮಾಡಿ. ಆಮೇಲೆ ಬ್ಯಾಂಕಿಗೆ ಬರಹದಲ್ಲಿ ದೂರು ಕೊಟ್ಟು, ಪ್ರತಿಯ ಮೇಲೆ ಸೀಲು ಹಾಕಿಸಿಕೊಳ್ಳಿ. ನಾವು ಕೊಟ್ಟ ದೂರಿನಲ್ಲಿ ರಿಸರ್ವ್ ಬ್ಯಾಂಕಿನ 2017ರ ಜುಲೈ 6ರ ಸುತ್ತೋಲೆಯನ್ನು ಹೆಸರಿಸಿದ್ದೆವು. ಗ್ರಾಹಕರದ್ದೂ ಬ್ಯಾಂಕಿನದ್ದೂ ತಪ್ಪಿಲ್ಲದೆ ಹೊರಗಿನವರಿಂದ ವಂಚನೆಯಾಗಿ, ಬ್ಯಾಂಕಿನಿಂದ ಮಾಹಿತಿ ಬಂದ 3 ಕೆಲಸದ ದಿನಗಳೊಳಗೆ ತಿಳಿಸಿದರೆ ಗ್ರಾಹಕರಿಗೆ ನಷ್ಟ ಹೊರಿಸುವಂತಿಲ್ಲ ಅನ್ನುತ್ತದೆ ಅದು. ತಪ್ಪು ಗ್ರಾಹಕರದ್ದು ಅನ್ನುವುದಾದರೆ ಅದನ್ನು ಸಾಬೀತು ಮಾಡಬೇಕಾದದ್ದೂ ಬ್ಯಾಂಕೇ. ಆ ಸಾಲನ್ನು ಓದಿ ಹೇಳಿದ ಮೇಲೆ ಕೌಂಟರ್‌ನಲ್ಲಿ ಮಾತಿನ ಧಾಟಿಯೇ ಬದಲಾಯಿತು. ದುಡ್ಡು ಸದ್ಯಕ್ಕೆ ಖಾತೆಗೆ ಮರಳಿ ಜಮಾ ಆಗಿದೆ, ತನಿಖೆ ಮುಗಿದಿಲ್ಲ. ದೂರು ಕೊಟ್ಟು 30 ದಿನವಾದರೂ ಬ್ಯಾಂಕಿನಿಂದ ಉತ್ತರ ಬರದಿದ್ದರೆ ಬ್ಯಾಂಕುಗಳ ಮೇಲಿನ ದೂರು ವಿಚಾರಿಸುವ ರಿಸರ್ವ್ ಬ್ಯಾಂಕ್ ಒಂಬುಡ್ಸ್‌ಮನ್ ಹತ್ತಿರ ಹೋಗಬಹುದು.

ಈಗ ಮುಖ್ಯ ಕೆಲಸ. ಆಧಾರ್ ಪ್ರಾಧಿಕಾರದ ಆ್ಯಪ್‌ನಲ್ಲೋ ಮೈಆಧಾರ್ ವೆಬ್‌ಸೈಟಿನಲ್ಲೋ ಮನೆಯ ಹಿರಿಯರ ಬಯೋಮೆಟ್ರಿಕ್ ಲಾಕ್ ಮಾಡಿ. ಲಾಕ್ ಆದ ಮೇಲೆ ಅವರ ಆಧಾರ್‌ಗೆ ಬೆರಳು, ಕಣ್ಣು, ಮುಖ ಯಾವುದೂ ನಡೆಯುವುದಿಲ್ಲ, ನಕಲಿಯೂ ನಡೆಯುವುದಿಲ್ಲ. ಒಟಿಪಿ ಮಾತ್ರ ಎಂದಿನಂತೆ ಬರುತ್ತದೆ. ಇದಕ್ಕೆ ಆಧಾರ್‌ಗೆ ಮೊಬೈಲ್ ನಂಬರ್ ಜೋಡಿಸಿರಬೇಕು. ಇಲ್ಲದಿದ್ದರೆ ಮೊದಲು ಆಧಾರ್ ಕೇಂದ್ರಕ್ಕೆ ಕರೆದುಕೊಂಡು ಹೋಗಿ ಜೋಡಿಸಿ. ಅನುಮಾನವಿದ್ದರೆ ಆಧಾರ್ ಸಹಾಯವಾಣಿ 1947ಕ್ಕೆ ಫೋನ್ ಮಾಡಿ ಕೇಳಬಹುದು. ಬೆರಳು ಎಲ್ಲೆಲ್ಲಿ ಬಳಕೆಯಾಗಿದೆ ಅಂತ ಹಿಂದಿನ 6 ತಿಂಗಳ ದಾಖಲೆಯೂ ಆಧಾರ್ ವೆಬ್‌ಸೈಟಿನಲ್ಲೇ ಸಿಗುತ್ತದೆ. ಅದನ್ನೊಮ್ಮೆ ತೆಗೆದು ನೋಡಿ.

ರೇಷನ್‌ಗೆ ತಂಬ್ ಕೊಡುವ ದಿನ ಮಾತ್ರ ಲಾಕ್ ತೆಗೆಯಬೇಕಾಗುತ್ತದೆ, ಅದೂ ಸ್ವಲ್ಪ ಹೊತ್ತಿಗೆ. ಅತ್ತೆ ಅಂಗಡಿಯ ಸಾಲಿನಲ್ಲಿ ನಿಂತು ನನಗೆ ಫೋನ್ ಮಾಡುತ್ತಾರೆ, ನಾನು ಇಲ್ಲಿಂದ ಲಾಕ್ ತೆಗೆಯುತ್ತೇನೆ. ಒಟಿಪಿ ಅವರ ಫೋನಿಗೆ ಬರುವುದರಿಂದ ಅಂಗಡಿಯಲ್ಲಿ ಅಕ್ಕಪಕ್ಕದವರ ಕೈಯಲ್ಲಿ ಓದಿಸಬೇಡಿ ಅಂತ ಹೇಳಿ, ಅಂಕಿಗಳನ್ನು ಅವರೇ ಓದುವಂತೆ ಅಭ್ಯಾಸ ಮಾಡಿಸಿದ್ದೇವೆ.