ಡಿಪ್ಲೊಮಸಿ ಆಟಕ್ಕೆ ಬಿಸಿಸಿ ಮೇಲ್: ವರ್ಷಗಟ್ಟಲೆ ಬಳಸಿದ ಮೇಲೆ ಬರೆಯುತ್ತಿರುವ ವಿಮರ್ಶೆ

ಎಲ್ಲರ ಮೇಲ್‌ನಲ್ಲೂ ಟು, ಸಿಸಿ ಪಕ್ಕದಲ್ಲಿ ಬಿಸಿಸಿ ಅಂತ ಒಂದು ಖಾನೆ ಇರುತ್ತದೆ. ಅಲ್ಲಿ ಹಾಕಿದ ವಿಳಾಸಕ್ಕೂ ಮೇಲ್ ಹೋಗುತ್ತದೆ, ಆದರೆ ಹೋಗಿದ್ದು ಬೇರೆಯವರಿಗೆ ಕಾಣುವುದಿಲ್ಲ. ಆಫೀಸಿನಲ್ಲಿ ನನಗೆ ಇದರ ಕೆಲಸ ಅಪರೂಪ. ಈಮೇಲ್‌ನಲ್ಲಿ ಡಿಪ್ಲೊಮಸಿ ಅನ್ನೋ ಬೋರ್ಡ್ ಗೇಮ್ ಆಡುವಾಗ ಮಾತ್ರ ಪ್ರತಿ ಆಟದಲ್ಲೂ ಒಂದಲ್ಲ ಒಂದು ಕಡೆ ಇದು ಎದುರಾಗುತ್ತದೆ. ಹಾಕಲೋ ಬೇಡವೋ, ಯಾರಿಗೆ ಹಾಕಲಿ, ನನಗೆ ಬಂದಿದ್ದನ್ನು ಎಷ್ಟು ನಂಬಲಿ ಅಂತ ಯೋಚಿಸಬೇಕಾಗುತ್ತದೆ. ವರ್ಷಗಳಿಂದ ಹೀಗೆ ಆಡುತ್ತಿರುವವನಾಗಿ ನನಗೆ ತಿಳಿದದ್ದನ್ನು ಬರೆಯುತ್ತಿದ್ದೇನೆ.

ಆಟ ಗೊತ್ತಿಲ್ಲದವರಿಗೆ ಎರಡು ಮಾತು. ಡಿಪ್ಲೊಮಸಿಯನ್ನು ರೂಪಿಸಿದವರು ಅಮೆರಿಕದ ಅಲನ್ ಕ್ಯಾಲಮರ್. 1954ರಲ್ಲಿ ತಯಾರಾದ ಆಟ, 1959ರಲ್ಲಿ ಮಾರುಕಟ್ಟೆಗೆ ಬಂತು. 1901ರ ಯುರೋಪಿನ ನಕಾಶೆ, ಏಳು ದೇಶ, ಏಳು ಜನ. ದಾಳ ಇಲ್ಲ, ಅದೃಷ್ಟ ಇಲ್ಲ. ನಕಾಶೆಯಲ್ಲಿ ಸೈನ್ಯ ಸಾಕಲು ಬೇಕಾದ 34 ಸಪ್ಲೈ ಸೆಂಟರ್‌ಗಳಿವೆ, ಅದರಲ್ಲಿ 18 ಹಿಡಿದವರು ಗೆದ್ದಂತೆ. ಯಾವ ಸೈನ್ಯ ಏನು ಮಾಡಬೇಕು ಅಂತ ಎಲ್ಲರೂ ಬರೆದುಕೊಟ್ಟ ಆರ್ಡರ್‌ಗಳು ಒಂದೇ ಸಲ ತೆರೆಯುತ್ತವೆ. ಒಬ್ಬರೇ ಆಡಿ ಗೆಲ್ಲುವುದು ಹೆಚ್ಚುಕಡಿಮೆ ಅಸಾಧ್ಯ, ಹಾಗಾಗಿ ಮಾತುಕತೆಯೇ ಆಟ. ಕೊಟ್ಟ ಮಾತು ಉಳಿಸಿಕೊಳ್ಳಬೇಕು ಅಂತ ನಿಯಮದಲ್ಲಿ ಎಲ್ಲೂ ಇಲ್ಲ.

ಇದನ್ನು ದೂರದಿಂದ ಆಡುವ ರೂಢಿ ಹಳೆಯದು. 1963ರಲ್ಲಿ ಜಾನ್ ಬೋರ್ಡ್‌ಮನ್ ‘ಗ್ರಾಸ್ಟಾರ್ಕ್’ ಅನ್ನೋ ಪುಟ್ಟ ಪತ್ರಿಕೆ ಶುರುಮಾಡಿ ಅಂಚೆಯಲ್ಲಿ ಆಟ ನಡೆಸಿದರು. 1980ರ ದಶಕದ ಕೊನೆಯ ಹೊತ್ತಿಗೆ ಕೆನ್ ಲೋ ಬರೆದ ‘ಜಡ್ಜ್’ ಪ್ರೋಗ್ರಾಂ ಬಂತು. ಆರ್ಡರ್‌ಗಳನ್ನು ಮೇಲ್‌ನಲ್ಲಿ ತೆಗೆದುಕೊಂಡು ಫಲಿತಾಂಶವನ್ನು ಅದೇ ಕಳಿಸುತ್ತಿತ್ತು. ಈಗ ವೆಬ್‌ಡಿಪ್ಲೊಮಸಿ, ಬ್ಯಾಕ್‌ಸ್ಟ್ಯಾಬರ್ ಥರದ ತಾಣಗಳಿವೆ. ಅಲ್ಲಿ ಮಾತುಕತೆಯೂ ತಾಣದೊಳಗೇ ನಡೆಯುತ್ತದೆ. ನಾನು ಎರಡೂ ಥರ ಆಡುತ್ತೇನೆ. ಆದರೆ ಆಟ ನಡೆಸಿಕೊಡಲು ಒಬ್ಬ ಗೇಮ್ ಮಾಸ್ಟರ್ ಇದ್ದು, ಆಟಗಾರರು ನೇರವಾಗಿ ಒಬ್ಬರಿಗೊಬ್ಬರು ಮೇಲ್ ಬರೆಯುವ ಆಟಗಳೇ ನನಗೆ ಜಾಸ್ತಿ ಇಷ್ಟ. ಕಾರಣಗಳಲ್ಲಿ ಬಿಸಿಸಿಯೂ ಒಂದು.

ಬಿಸಿಸಿ ಅಂದ ಕೂಡಲೇ ಹೊಸಬರಿಗೆ ಕದ್ದು ಕೇಳಿಸುವುದು ನೆನಪಾಗುತ್ತದೆ. ಆಟದಲ್ಲಿ ಅದರ ನಿಜವಾದ ಕೆಲಸ ಸಾಕ್ಷಿ ಕೊಡುವುದು. ಡಿಪ್ಲೊಮಸಿಯಲ್ಲಿ ‘ನಾನು ಅವರಿಗೆ ಹೀಗೆ ಹೇಳಿದೆ’ ಅಂದರೆ ಯಾರೂ ನಂಬುವುದಿಲ್ಲ, ನಂಬಲೂಬಾರದು. ಮೇಲನ್ನು ಫಾರ್ವರ್ಡ್ ಮಾಡಿದರೂ ಅಷ್ಟೇ. ಫಾರ್ವರ್ಡ್ ಮಾಡುವಾಗ ಒಳಗಿನ ಸಾಲು ತಿದ್ದುವುದು ಯಾರಿಗಾದರೂ ಬರುತ್ತದೆ. ಬಿಸಿಸಿಯಲ್ಲಿ ಬಂದ ಮೇಲ್ ಹಾಗಲ್ಲ. ಜರ್ಮನಿಗೆ ಹೋದ ಅದೇ ಪತ್ರ, ಅದೇ ಗಳಿಗೆಯಲ್ಲಿ, ಒಂದಕ್ಷರವೂ ಬದಲಾಗದೆ ನನ್ನ ಕೈಗೂ ಬಂದಿರುತ್ತದೆ. ನನ್ನ ಪರವಾಗಿ ಮಾತಾಡಿದ್ದಾರೆ ಅನ್ನೋದನ್ನು ಕಣ್ಣಾರೆ ನೋಡಿದಂತೆ. ಮೊದಲ ಎರಡು ವರ್ಷ, ಅಂದರೆ 1901, 1902ರ ಸುತ್ತುಗಳಲ್ಲಿ, ಇನ್ನೂ ಯಾರ ಮೇಲೂ ಯಾರಿಗೂ ನಂಬಿಕೆ ಹುಟ್ಟದಿದ್ದಾಗ ಇದಕ್ಕೆ ಬಹಳ ಬೆಲೆ.

ಒಂದು ಆಟದ ಉದಾಹರಣೆ ಕೊಡುತ್ತೇನೆ. ನಾನು ಫ್ರಾನ್ಸ್. 1901 ಮುಗಿದಿತ್ತು, ಬೆಲ್ಜಿಯಂ ಇಂಗ್ಲೆಂಡಿನ ಕೈಯಲ್ಲಿತ್ತು. ಇಂಗ್ಲೆಂಡ್ ನನಗೆ ಬರೆದರು: ‘ಇಬ್ಬರೂ ಸೇರಿ ಜರ್ಮನಿ ಮೇಲೆ ಹೋಗೋಣ. ಮ್ಯೂನಿಕ್ ನಿಮಗೆ, ಡೆನ್ಮಾರ್ಕ್ ನನಗೆ. ಆಮೇಲೆ ಬೆಲ್ಜಿಯಂ ಕೂಡ ನಿಮಗೇ ಬಿಟ್ಟುಕೊಡುತ್ತೇನೆ.’ ‘ಆಮೇಲೆ’ ಬಿಟ್ಟುಕೊಡುತ್ತೇನೆ ಅನ್ನೋ ಮಾತಿಗೆ ಈ ಆಟದಲ್ಲಿ ಯಾವ ಬೆಲೆಯೂ ಇಲ್ಲ. ನಾನು ಉತ್ತರ ಬರೆದೆ: ‘ಬೇಡ. ಬರ್ಗಂಡಿಯಲ್ಲಿರುವ ನನ್ನ ಆರ್ಮಿ ಮ್ಯೂನಿಕ್ ಕಡೆ ತಿರುಗುವುದಿಲ್ಲ. ಜರ್ಮನಿ ಜೊತೆ ನನಗೆ ಜಗಳ ಇಲ್ಲ.’ ಬಿಸಿಸಿಯಲ್ಲಿ ಜರ್ಮನಿ. ನನ್ನ ಉತ್ತರದ ಕೆಳಗೆ ಇಂಗ್ಲೆಂಡ್ ಬರೆದ ಮೂಲ ಪತ್ರವೂ ಹಾಗೇ ಇತ್ತು. ಅಂದರೆ ಒಂದೇ ಮೇಲ್‌ನಲ್ಲಿ ಜರ್ಮನಿಗೆ ಎರಡು ವಿಷಯ ತಲುಪಿದವು: ಇಂಗ್ಲೆಂಡ್ ಏನು ಮಾಡಲು ಹೊರಟಿದ್ದಾರೆ, ನಾನು ಏನು ಹೇಳಿದೆ. ನಾನೇ ಎರಡು ಪುಟ ಬರೆದು ಒಪ್ಪಿಸಲು ಕೂತಿದ್ದರೂ ಅಷ್ಟು ಕೆಲಸ ಆಗುತ್ತಿರಲಿಲ್ಲ.

ಆದರೆ ಜರ್ಮನಿ ಆಡುತ್ತಿದ್ದವರು ಖುಷಿಯಲ್ಲಿ ‘ರಿಪ್ಲೈ ಆಲ್’ ಒತ್ತಿದರು. ‘ತೋರಿಸಿದ್ದಕ್ಕೆ ಧನ್ಯವಾದ, ಬೆಲ್ಜಿಯಂ ನಿಮಗೆ ಕೊಡಿಸುತ್ತೇನೆ’ ಅಂತ ಅವರು ಬರೆದ ಮಾತು ನನಗೂ ಬಂತು, ಇಂಗ್ಲೆಂಡಿಗೂ ಹೋಯಿತು. ಬಿಸಿಸಿಯ ದೊಡ್ಡ ದೋಷ ಇದೇ. ಬಿಸಿಸಿಯಲ್ಲಿ ಇರುವವರನ್ನು ಅದು ಮುಚ್ಚಿಡುವುದು ಅವರು ಸುಮ್ಮನಿರುವ ತನಕ ಮಾತ್ರ. ಅವರು ಎಲ್ಲರಿಗೂ ಉತ್ತರಿಸಿದರೆ ಟು, ಸಿಸಿಯಲ್ಲಿ ಇದ್ದವರಿಗೆಲ್ಲ ಗುಟ್ಟು ರಟ್ಟಾಗುತ್ತದೆ. ಆಟದ ಮುಂದಿನ ವಸಂತದ ಸುತ್ತಿನಲ್ಲೇ ನಾರ್ತ್ ಸೀಯಲ್ಲಿದ್ದ ಇಂಗ್ಲೆಂಡಿನ ಫ್ಲೀಟ್ ಇಂಗ್ಲಿಷ್ ಚಾನೆಲ್‌ಗೆ ಬಂದು ನಿಂತಿತು. ಪಿಕಾರ್ಡಿಯಲ್ಲಿದ್ದ ನನ್ನ ಆರ್ಮಿ ಬರ್ಗಂಡಿಯಿಂದ ಬೆಲ್ಜಿಯಂಗೆ ಹೋಗುವ ದಾಳಿಗೆ ಸಪೋರ್ಟ್ ಕೊಡಬೇಕಿತ್ತು. ಅದನ್ನು ಬಿಟ್ಟು ಖಾಲಿ ಇದ್ದ ನನ್ನದೇ ಬ್ರೆಸ್ಟ್ ಕಾಯಲು ವಾಪಸ್ ಹೋಯಿತು. ಆ ವರ್ಷ ಬೆಲ್ಜಿಯಂ ಸಿಗಲಿಲ್ಲ.

ಔಟ್‌ಲುಕ್‌ನಲ್ಲಿ ಬಿಸಿಸಿಯಲ್ಲಿ ಬಂದ ಮೇಲ್‌ಗೆ ಎಲ್ಲರಿಗೂ ಉತ್ತರಿಸಲು ಹೋದರೆ, ನಿಮ್ಮ ವಿಳಾಸ ಗುಟ್ಟಾಗಿತ್ತು, ಹೀಗೆ ಉತ್ತರಿಸಿದರೆ ಎಲ್ಲರಿಗೂ ಗೊತ್ತಾಗುತ್ತದೆ ಅಂತ ಒಂದು ಎಚ್ಚರಿಕೆ ಬರುತ್ತದೆ. ಇದು ನಿಜಕ್ಕೂ ಒಳ್ಳೆಯ ಸೌಲಭ್ಯ. ಆದರೆ ಎದುರಿನವರು ಯಾವ ಮೇಲ್ ಬಳಸುತ್ತಾರೆ ಅನ್ನೋದು ನಮ್ಮ ಕೈಯಲ್ಲಿಲ್ಲ, ಅಲ್ವಾ? ಹಾಗಾಗಿ ಯಾರಿಗೆ ಬಿಸಿಸಿ ಹಾಕಬೇಕೋ ಅವರಿಗೆ ಮೊದಲೇ ಬೇರೆ ಮೇಲ್‌ನಲ್ಲಿ ‘ಒಂದು ಪತ್ರ ಬರುತ್ತದೆ, ಅದಕ್ಕೆ ಉತ್ತರಿಸಬೇಡಿ, ಇದಕ್ಕೇ ಉತ್ತರಿಸಿ’ ಅಂತ ತಿಳಿಸಿಡುವುದು ಒಳ್ಳೆಯದು. ನಾನು ಈಗ ಹೀಗೆ ಮಾಡದೆ ಯಾರಿಗೂ ಬಿಸಿಸಿ ಹಾಕುವುದಿಲ್ಲ.

ಇನ್ನೊಂದು ವಿಷಯ ಇದಕ್ಕಿಂತ ಸೂಕ್ಷ್ಮ. ಬಿಸಿಸಿಯಲ್ಲಿ ಬಂದ ಮೇಲ್, ಕಳಿಸಿದವರು ಏನು ಬರೆದರು ಅನ್ನೋದನ್ನು ತೋರಿಸುತ್ತದೆ. ಅದು ಟು ಖಾನೆಯಲ್ಲಿರುವವರಿಗೆ ತಲುಪಿತು ಅನ್ನೋದಕ್ಕೆ ಅದರಲ್ಲಿ ಸಾಕ್ಷಿ ಇಲ್ಲ. ನಾನು ಟರ್ಕಿಯಾಗಿದ್ದ ಒಂದು ಆಟದಲ್ಲಿ ಆಸ್ಟ್ರಿಯಾದಿಂದ ಬಿಸಿಸಿ ಬಂತು. ರಷ್ಯಾಗೆ ಬರೆದ ಖಾರವಾದ ಪತ್ರ: ಗಲೀಷಿಯಾದಿಂದ ದೂರ ಇರಿ, ಟರ್ಕಿ ನನ್ನ ಸ್ನೇಹಿತರು, ಅವರ ಮೇಲೆ ಬಂದರೆ ನನ್ನ ಮೇಲೆ ಬಂದಂತೆ. ಓದಿದರೆ ಸಮಾಧಾನ ಆಗಬೇಕು. ಟು ಖಾನೆಯಲ್ಲಿ ‘ರಷ್ಯಾ’ ಅಂತ ಹೆಸರು ಸರಿಯಾಗೇ ಇತ್ತು. ಹೆಸರಿನ ಮೇಲೆ ಒತ್ತಿ ವಿಳಾಸ ತೆರೆದು ನೋಡಿದಾಗ, ರಷ್ಯಾ ಆಡುತ್ತಿದ್ದವರ ವಿಳಾಸದ ಕೊನೆಯಲ್ಲಿ ಒಂದು ಅಂಕಿ ಜಾಸ್ತಿ ಇತ್ತು. ಪತ್ರ ರಷ್ಯಾಗೆ ಹೋಗಿರಲೇ ಇಲ್ಲ. ಬರೆದಿದ್ದೇ ನನಗೆ ತೋರಿಸಲು. ತಪ್ಪು ವಿಳಾಸಕ್ಕೆ ಹೋದ ಮೇಲ್ ವಾಪಸ್ ಬಂದರೂ ಬರುವುದು ಕಳಿಸಿದವರಿಗೆ ಮಾತ್ರ, ನಮಗೆ ಸುಳಿವೇ ಸಿಗುವುದಿಲ್ಲ. ಅವತ್ತೇ ನಾನು ರಷ್ಯಾ ಜೊತೆ ಮಾತು ಶುರುಮಾಡಿದೆ. ಆಸ್ಟ್ರಿಯಾ ಆಡಿದವರ ಮೇಲೆ ನನಗೆ ಸಿಟ್ಟೇನೂ ಇಲ್ಲ, ಈ ಆಟದಲ್ಲಿ ಅದು ಒಳ್ಳೆಯ ನಡೆ. ಆದರೆ ಬಿಸಿಸಿ ಬಂದಾಗಲೆಲ್ಲ ಹೆಸರು ಬಿಟ್ಟು ಪೂರ್ತಿ ವಿಳಾಸ ನೋಡಿ. ಮೊಬೈಲ್‌ನಲ್ಲಿ ಸಾಮಾನ್ಯವಾಗಿ ಮೊದಲಿಗೆ ಹೆಸರಷ್ಟೇ ಕಾಣುವುದರಿಂದ ಇದನ್ನು ಲ್ಯಾಪ್‌ಟಾಪ್‌ನಲ್ಲಿ ನೋಡುವುದು ವಾಸಿ.

ನಿಜಕ್ಕೂ ಗಟ್ಟಿ ಸಾಕ್ಷಿ ಬೇಕಿದ್ದರೆ ಬಿಸಿಸಿಗಿಂತ ಒಳ್ಳೆಯ ದಾರಿ ಇದೆ. ಜೀಮೇಲ್‌ನಲ್ಲಿ ‘ಫಾರ್ವರ್ಡ್ ಆ್ಯಸ್ ಅಟ್ಯಾಚ್‌ಮೆಂಟ್’ ಅಂತ ಒಂದು ಆಯ್ಕೆ ಇದೆ. ಇಂಗ್ಲೆಂಡಿನಿಂದ ನನಗೆ ಬಂದ ಮೇಲನ್ನು ಹೀಗೆ ಕಳಿಸಿದರೆ, ಅದು ಹೆಡರ್ ಸಮೇತ, ಅಂದರೆ ಯಾರಿಂದ ಯಾವಾಗ ಹೇಗೆ ಬಂತು ಅನ್ನೋ ವಿವರದ ಸಮೇತ, ಒಂದು ಫೈಲಾಗಿ ಹೋಗುತ್ತದೆ. ಮೇಲ್ ಕಂಪನಿಯ ಸರ್ವರ್ ಹಾಕಿದ ಡಿಕಿಮ್ ಸಹಿ ಕೂಡ ಅದರೊಳಗೇ ಇರುತ್ತದೆ. ಒಂದು ಪದ ತಿದ್ದಿದರೂ ಸಹಿ ತಾಳೆಯಾಗುವುದಿಲ್ಲ. ಇದನ್ನು ತೆರೆದು ಪರೀಕ್ಷಿಸುವ ತಾಳ್ಮೆ ಎಲ್ಲ ಆಟಗಾರರಿಗೂ ಇರುವುದಿಲ್ಲ, ನಿಜ. ಇದ್ದವರಿಗೆ ಇದು ಬಿಸಿಸಿಗಿಂತ ನಂಬಿಕೆಯ ವಸ್ತು. ರಿಪ್ಲೈ ಆಲ್ ಭಯವೂ ಇಲ್ಲ, ಏಕೆಂದರೆ ಇಂಗ್ಲೆಂಡಿನ ವಿಳಾಸ ಆ ಹೊಸ ಮೇಲ್‌ನ ಯಾವ ಖಾನೆಯಲ್ಲೂ ಇರುವುದಿಲ್ಲ.

ಹಾಗಾದರೆ ಬಿಸಿಸಿ ಎಷ್ಟು ಸಲ ಹಾಕಬೇಕು? ತೀರಾ ಕಡಿಮೆ. ಬಿಸಿಸಿ ಪಡೆದವರು ಖುಷಿಪಡುತ್ತಾರೆ, ಆದರೆ ಅದೇ ದಿನ ರಾತ್ರಿ ಮಲಗುವಾಗ ಅವರಿಗೆ ಇನ್ನೊಂದು ಯೋಚನೆ ಬಂದೇ ಬರುತ್ತದೆ: ‘ಇವರು ಇಂಗ್ಲೆಂಡಿನ ಮಾತನ್ನು ನನಗೆ ತೋರಿಸಿದರು. ನನ್ನ ಮಾತನ್ನು ಯಾರಿಗೆ ತೋರಿಸುತ್ತಿದ್ದಾರೋ?’ ಆ ಯೋಚನೆ ಬಂದ ಮೇಲೆ ಅವರ ಪತ್ರಗಳು ಚಿಕ್ಕದಾಗುತ್ತವೆ. ಮನಸ್ಸಿನಲ್ಲಿರುವುದನ್ನು ಬರೆಯುವುದು ನಿಲ್ಲುತ್ತದೆ. ನಾನು ಗಮನಿಸಿದ್ದು ಇದು: ಮೂರು ನಾಲ್ಕು ಸಲ ಬಿಸಿಸಿ ಪಡೆದವರು ತಮ್ಮ ಆರ್ಡರ್‌ಗಳನ್ನು ಮುಂಚಿತವಾಗಿ ಹೇಳುವುದನ್ನೇ ಬಿಡುತ್ತಾರೆ. ಡಿಪ್ಲೊಮಸಿಯಲ್ಲಿ ಕೂಟ ಉಳಿಯುವುದು ಅಂಥ ಬಿಚ್ಚುಮಾತಿನ ಪತ್ರಗಳಿಂದ. ಸಣ್ಣಪುಟ್ಟ ವಿಷಯಕ್ಕೆಲ್ಲ ಬಿಸಿಸಿ ಹಾಕುವವರ ಕೂಟ 1904 ದಾಟಿದ್ದನ್ನು ನಾನು ನೋಡಿದ್ದು ಕಡಿಮೆ. ಒಂದು ಆಟಕ್ಕೆ ಒಂದು ಸಲ, ಅದೂ ಕೂಟ ಕಟ್ಟುವ ಹೊತ್ತಿನಲ್ಲಿ, ಅಷ್ಟೇ ಸಾಕು ಅನ್ನೋದು ನನ್ನ ಅನುಭವ.

ಗೇಮ್ ಮಾಸ್ಟರ್ ಆದವರಿಗೆ ಮಾತ್ರ ಈ ಲೆಕ್ಕ ಬೇರೆ. ಫಲಿತಾಂಶ ಕಳಿಸುವಾಗ ಏಳು ಜನರನ್ನೂ ಬಿಸಿಸಿಯಲ್ಲಿ ಹಾಕುವುದು ಕಣ್ಣುಮುಚ್ಚಿ ಮಾಡಬಹುದಾದ ಒಳ್ಳೆಯ ಕೆಲಸ. ಯಾರ ವಿಳಾಸ ಯಾರಿಗೂ ಹೋಗುವುದಿಲ್ಲ. ಯಾರಾದರೂ ಅವಸರದಲ್ಲಿ ಎಲ್ಲರಿಗೂ ಉತ್ತರಿಸಿ ತಮ್ಮ ಆರ್ಡರ್ ಬರೆದರೂ ಅದು ಗೇಮ್ ಮಾಸ್ಟರ್‌ಗೆ ಮಾತ್ರ ತಲುಪುತ್ತದೆ. ಯಾರು ಯಾವ ದೇಶ ಅನ್ನೋದು ಗುಟ್ಟಾಗಿರುವ ಗನ್‌ಬೋಟ್ ಆಟವನ್ನು ಮೇಲ್‌ನಲ್ಲಿ ನಡೆಸುವುದಾದರೆ ಇದು ಬೇಕೇ ಬೇಕು. ಕೆಲವು ಗೇಮ್ ಮಾಸ್ಟರ್‌ಗಳು ಎಲ್ಲ ಪತ್ರಗಳನ್ನೂ ತಮಗೆ ಬಿಸಿಸಿ ಮಾಡಿ ಅಂತ ಕೇಳುತ್ತಾರೆ. ಜಗಳ ಬಂದಾಗ ನೋಡಲು, ಆಟ ಮುಗಿದ ಮೇಲೆ ಅದರ ಕಥೆ ಬರೆಯಲು ಅನುಕೂಲ. ಇದಕ್ಕೆ ನಾನು ಯಾವಾಗಲೂ ಒಪ್ಪುತ್ತೇನೆ. ವರ್ಷದ ಮೇಲೆ ಆ ಪತ್ರಗಳನ್ನು ಓದುವ ಸಂತೋಷವೇ ಬೇರೆ.

ಇಲ್ಲಿ ಒಂದು ಗಡಿ ಇದೆ. ಆಟದೊಳಗೆ ಸುಳ್ಳು ಹೇಳುವುದು ಸರಿ. ಬೇರೆಯವರ ಹೆಸರಿನಲ್ಲಿ ನಕಲಿ ಮೇಲ್ ಕಳಿಸುವುದು, ಅದರಲ್ಲೂ ಗೇಮ್ ಮಾಸ್ಟರ್ ಬರೆದಂತೆ ‘ಡೆಡ್‌ಲೈನ್ ಮುಂದೆ ಹೋಗಿದೆ’ ಅಂತ ಕಳಿಸುವುದು ಸರಿಯಲ್ಲ. ನಾನು ಆಡಿದ ಆಟಗಳಲ್ಲಿ ಇದಕ್ಕೆ ನಿಷೇಧ ಇತ್ತು. ಬಿಸಿಸಿಗೆ ಅನುಮತಿ ಇದೆಯೋ ಇಲ್ಲವೋ ಅಂತ ಆಟ ಶುರುವಾಗುವ ಮುಂಚೆಯೇ ಕೇಳಿಕೊಳ್ಳಿ. ಆಟಕ್ಕೆ ಅಂತಲೇ ಬೇರೆ ಮೇಲ್ ವಿಳಾಸ ಇಟ್ಟುಕೊಳ್ಳುವುದೂ ಒಳ್ಳೆಯದು. ಆಫೀಸಿನ ವಿಳಾಸದಿಂದಂತೂ ಆಡಲೇಬೇಡಿ.

ಬಳಕೆ ಬಗ್ಗೆ ಇನ್ನೆರಡು ಮಾತು. ಸಿಸಿ, ಬಿಸಿಸಿ ಖಾನೆಗಳು ಪಕ್ಕಪಕ್ಕದಲ್ಲೇ ಇರುತ್ತವೆ, ವಿಳಾಸವನ್ನು ಅದೇ ತುಂಬಿಸುವ ಸೌಲಭ್ಯ ಬೇರೆ. ಬೆರಳು ಸ್ವಲ್ಪ ಜಾರಿದರೂ ಕೂಟ ಮುರಿಯುತ್ತದೆ. ಜೀಮೇಲ್‌ನ ‘ಅನ್‌ಡೂ ಸೆಂಡ್’ ಅವಧಿಯನ್ನು ಸೆಟ್ಟಿಂಗ್ಸ್‌ನಲ್ಲಿ 30 ಸೆಕೆಂಡಿಗೆ ಏರಿಸಬಹುದು. ಡಿಪ್ಲೊಮಸಿ ಆಡುವವರು ಮೊದಲು ಮಾಡಬೇಕಾದ ಕೆಲಸ ಅದು. ಡೆಡ್‌ಲೈನ್ ಯುರೋಪಿನ ಸಂಜೆಗೆ ಇದ್ದರೆ ನಮಗೆ ಇಲ್ಲಿ ನಡುರಾತ್ರಿ. ನಿದ್ದೆಗಣ್ಣಿನಲ್ಲಿ ಬಿಸಿಸಿ ಮುಟ್ಟದಿರುವುದೇ ಕ್ಷೇಮ.

ಒಟ್ಟಾರೆ ಐದಕ್ಕೆ ನಾಲ್ಕು ಕೊಡುತ್ತೇನೆ. ತಾಣದೊಳಗಿನ ಸಂದೇಶಗಳಿಗೆ ಹೋಲಿಸಿದರೆ ಮಾತ್ರ ಇದಕ್ಕೆ ಐದೂ ಕೊಡಬೇಕು. ಅಲ್ಲಿ ನಾನು ಬಳಸಿದಷ್ಟು ಮಟ್ಟಿಗೆ ಬಿಸಿಸಿಯಂಥದ್ದು ಇಲ್ಲ. ಬೇರೆಯವರ ಮಾತು ತೋರಿಸಬೇಕಾದರೆ ನಕಲು ಮಾಡಿ ಅಂಟಿಸಬೇಕು, ಇಲ್ಲ ಸ್ಕ್ರೀನ್‌ಶಾಟ್ ಕೊಡಬೇಕು. ಎರಡನ್ನೂ ತಿದ್ದುವುದು ಎರಡು ನಿಮಿಷದ ಕೆಲಸ. ಇಂಥ ತಾಣ ನಡೆಸುವವರಲ್ಲಿ ನನ್ನದೊಂದು ಬೇಡಿಕೆ ಇದೆ. ಸಂದೇಶ ಕಳಿಸುವಾಗ ‘ಇದರ ಪ್ರತಿ ಇವರಿಗೂ ಗುಟ್ಟಾಗಿ ಹೋಗಲಿ’ ಅಂತ ಒಂದು ಆಯ್ಕೆ ಕೊಡಿ. ಪ್ರತಿ ಪಡೆದವರಿಗೆ ‘ಈ ಸಂದೇಶ ಜರ್ಮನಿಗೆ ಇಂಥ ಹೊತ್ತಿಗೆ ತಲುಪಿದೆ’ ಅಂತ ತಾಣವೇ ದೃಢೀಕರಿಸಲಿ. ಆ ಪ್ರತಿಗೆ ಉತ್ತರಿಸಿದರೆ ಅದು ಕಳಿಸಿದವರಿಗೆ ಮಾತ್ರ ಹೋಗಲಿ. ಬೇಡ ಅನ್ನುವವರಿಗಾಗಿ ಆಟ ಶುರುಮಾಡುವಾಗಲೇ ಇದನ್ನು ಆಫ್ ಮಾಡುವ ಅವಕಾಶವೂ ಇರಲಿ.