ಮರಳು ತೊಳೆದ ನೀರಿನ ಮರುಬಳಕೆ ಕಿಟ್: ಡೋಸಿಂಗ್ ಚೆನ್ನ, ಪಂಪ್ ಸಾಲದು

ಎಂ-ಸ್ಯಾಂಡ್ ತೊಳೆಯುವ ಜಲ್ಲಿ ಕ್ವಾರಿಗಳಿಗೆಂದು ಬಂದಿರುವ ಈ ಕಿಟ್‌ನಲ್ಲಿ ಪಾಲಿಮರ್ (ನೀರಿನ ಕೆಸರನ್ನು ಗಡ್ಡೆ ಕಟ್ಟಿಸಿ ತಳಕ್ಕಿಳಿಸುವ ಪುಡಿ) ಕಲಸುವ ಡ್ರಮ್, ಆ ದ್ರಾವಣವನ್ನು ಅಳತೆಯಾಗಿ ಬಿಡುವ ಡೋಸಿಂಗ್ ಪಂಪ್, ಕೆಸರೆತ್ತುವ ಪಂಪ್ ಇಷ್ಟೇ. ಕೆಸರು ತಳಕ್ಕಿಳಿಯುವ ತೊಟ್ಟಿ ನಾವೇ ಕಟ್ಟಿಸಿಕೊಳ್ಳಬೇಕು.

ಫಲಿತಾಂಶವೆಲ್ಲ ಕಲಸುವುದರಲ್ಲಿದೆ. 1,000 ಲೀಟರ್ ತಿಳಿನೀರಿಗೆ 1 ಕೆಜಿ ಪುಡಿ. ಉಪ್ಪಿಟ್ಟಿಗೆ ರವೆ ಹಾಕುವ ಹಾಗೆ, ನೀರು ತಿರುಗುತ್ತಿರುವಾಗಲೇ ಸಣ್ಣಗೆ ಉದುರಿಸಿ ಮುಕ್ಕಾಲು ಗಂಟೆ ನಿಧಾನಕ್ಕೆ ತಿರುಗಿಸಬೇಕು. ಒಮ್ಮೆಲೇ ಸುರಿದರೆ ಲೋಳೆಗಂಟು. ರಭಸವಾಗಿ ತಿರುಗಿಸಿದರೆ ಪಾಲಿಮರ್‌ನ ಎಳೆ ತುಂಡಾಗಿ ಕೆಸರನ್ನು ಹಿಡಿಯುವುದೇ ಇಲ್ಲ. ಅಳತೆಗೆ, ಒಂದೊಂದು ಲೀಟರ್ ಕೆಸರುನೀರಿನ ಜಾಡಿಗೆ 1, 2, 3 ಮಿಲಿ ದ್ರಾವಣ ಹಾಕಿ ನೋಡಿ. ಹತ್ತಿಯಂಥ ಗಡ್ಡೆ ಕಟ್ಟಿ ಬೇಗ ತಳಕ್ಕಿಳಿದ ಮೊದಲ ಅಳತೆಯೇ ಸಾಕು. ಹೆಚ್ಚಾದರೆ ಮರಳಿ ಬರುವ ನೀರೇ ಅಂಟಂಟಾಗಿ ಜರಡಿ ಕಟ್ಟಿಕೊಳ್ಳುತ್ತದೆ.

‘ಹೊಸ ನೀರೇ ಬೇಡ’ ಎಂಬ ಜಾಹೀರಾತಿನ ಮಾತು ಸುಳ್ಳು. 50 ಟನ್ ಹಸಿ ಮರಳಿನಲ್ಲಿ 12% ತೇವವಿದ್ದರೆ 6,000 ಲೀಟರ್ ನೀರು ಲಾರಿ ಹತ್ತಿ ಹೋಯಿತೆಂದೇ ಲೆಕ್ಕ. ಕೆಸರಿನೊಂದಿಗೆ ಹೋಗುವುದು ಬೇರೆ. ಅಷ್ಟನ್ನು ತುಂಬಲು ಕಲ್ಲು ತೆಗೆದು ಬಿಟ್ಟ ಗುಂಡಿಯ ಮಳೆನೀರು ಬೇಕು. ಬೋರ್‌ವೆಲ್ ನಂಬಿದರೆ ಏಪ್ರಿಲ್‌ನಲ್ಲಿ ಕೈಕೊಡುತ್ತದೆ.

ಮಲೆನಾಡಿನ ಮಳೆಗಾಲದ ಬಗ್ಗೆ ಕೈಪಿಡಿಯಲ್ಲಿ ಒಂದು ಸಾಲೂ ಇಲ್ಲ! ತೊಟ್ಟಿಯ ಸುತ್ತ ಬದು, ಹೊರಗಾಲುವೆ ಇಲ್ಲದಿದ್ದರೆ ಗುಡ್ಡದ ಕೆಮ್ಮಣ್ಣು ನೀರು ಒಳನುಗ್ಗಿ, ಉಕ್ಕಿದ ಕೆಸರು ಕೆಳಗಿನ ಅಡಿಕೆ ತೋಟಕ್ಕೆ ಇಳಿಯುತ್ತದೆ. ಅಂಚಿನಿಂದ ಎರಡಡಿ ಯಾವಾಗಲೂ ಖಾಲಿ ಇರಲಿ.

ಕೆಸರೆತ್ತಲು ಕೊಟ್ಟಿರುವುದು ತಿಳಿನೀರಿನ ಪಂಪ್. ಕಲ್ಲುಪುಡಿ ಮೊದಲು ಸೀಲ್ ತಿನ್ನುತ್ತದೆ, ಆಮೇಲೆ ಇಂಪೆಲ್ಲರ್ (ಪಂಪಿನೊಳಗೆ ತಿರುಗುವ ರೆಕ್ಕೆಚಕ್ರ). ಅದನ್ನು ಬಿಟ್ಟು, ಸುಲಭಕ್ಕೆ ಸವೆಯದ ಹೈ-ಕ್ರೋಮ್ ಇಂಪೆಲ್ಲರ್‌ನ ಸ್ಲರಿ (ಕೆಸರು) ಪಂಪ್ ಪ್ರತ್ಯೇಕ ಕೊಳ್ಳಿ. ಕಿಟ್‌ಗೆ ಅಂಕ: ಐದಕ್ಕೆ ಮೂರು.