ಹಾರ್ಡ್‌ನರ್ ಮೂಗಿಗೆ ತಿಳಿಯುವುದಿಲ್ಲ: ಸ್ಪ್ರೇ ಪೇಂಟಿಂಗ್ ಮಾಡುವವರಿಗೆ ಒಂದು ಎಚ್ಚರಿಕೆ

ಸ್ಪ್ರೇ ಗನ್ ಹಿಡಿದು 21 ವರ್ಷ ದುಡಿದ ನಾನು ಈಗ ಅದನ್ನು ಮುಟ್ಟುವಂತಿಲ್ಲ. ಯಾವುದಾದರೂ ಗ್ಯಾರೇಜಿನಲ್ಲಿ ಕಾರಿಗೆ ಕ್ಲಿಯರ್ ಕೋಟ್, ಅಂದರೆ ಬಣ್ಣದ ಮೇಲಿನ ಹೊಳಪಿನ ಪದರ, ಹೊಡೆಯುತ್ತಿರುವುದು ಕಂಡರೆ ರಸ್ತೆಯ ಆಚೆ ಬದಿಗೆ ದಾಟಿಕೊಂಡು ಹೋಗುತ್ತೇನೆ, ಏಕೆಂದರೆ ಒಮ್ಮೆ ಹಾಗೆ ದಾಟದೆ ಹಳೆಯ ಗೆಳೆಯನೊಡನೆ ಹತ್ತು ನಿಮಿಷ ನಿಂತು ಮಾತಾಡಿದ್ದಕ್ಕೆ ಅಂದು ರಾತ್ರಿ ನನ್ನನ್ನು ಆಟೋದಲ್ಲಿ ಆಸ್ಪತ್ರೆಗೆ ಹೊತ್ತೊಯ್ಯಬೇಕಾಯಿತು. ನನಗಿರುವುದು ಟೂಕೆ ಎಂಬ ಪೇಂಟಿಗೆ ಅದು ಗಟ್ಟಿಯಾಗಲೆಂದು ಬೆರೆಸುವ ಹಾರ್ಡ್‌ನರ್‌ನಿಂದ ಬಂದ ಆಸ್ತಮಾ. ಡೆಂಟಿಂಗ್-ಪೇಂಟಿಂಗ್ ಶೆಡ್ಡುಗಳಲ್ಲಿ, ಬಸ್ ಬಾಡಿ ಕಟ್ಟುವ ಕಡೆ, ಜನರೇಟರ್ ಪೆಟ್ಟಿಗೆ ಮತ್ತು ಪ್ಯಾನೆಲ್ ಬೋರ್ಡುಗಳಿಗೆ ಬಣ್ಣ ಹೊಡೆಯುವ ಯೂನಿಟ್ಟುಗಳಲ್ಲಿ ಇವತ್ತು ಕೆಲಸಕ್ಕಿರುವ ಹುಡುಗರು, ಅವರಿಗಿಂತ ಹೆಚ್ಚಾಗಿ ಅವರ ಮನೆಯವರು, ಇದನ್ನು ಓದಬೇಕೆಂಬುದು ನನ್ನ ಆಸೆ.

ಕುಣಿಗಲ್ ಕಡೆಯ ಹಳ್ಳಿಯಿಂದ ಬೆಂಗಳೂರಿಗೆ ಬಂದು ಜೆ.ಸಿ. ರಸ್ತೆಯ ಹಿಂಬದಿಯ ಒಂದು ಗ್ಯಾರೇಜಿಗೆ ಸೇರಿದಾಗ ನನಗೆ 18 ತುಂಬಿತ್ತು. ಮೊದಲ ಎರಡು ವರ್ಷ ಪುಟ್ಟಿ ಹಾಕುವುದು, ವಾಟರ್ ಪೇಪರ್ ಉಜ್ಜುವುದು, ಮಾಸ್ಕಿಂಗ್ ಮಾಡುವುದು, ಇಷ್ಟೇ. ಮೇಸ್ತ್ರಿ ಗನ್ ಕೈಗೆ ಕೊಟ್ಟದ್ದು ಮೂರನೆಯ ವರ್ಷ. ಆಗ ಅಲ್ಲಿ ಹೆಚ್ಚಾಗಿ ಹೊಡೆಯುತ್ತಿದ್ದದ್ದು ಎನ್‌ಸಿ ಪೇಂಟ್. ಥಿನ್ನರ್ ಹಾರಿಹೋದರೆ ಒಣಗಿಬಿಡುವ ಬಣ್ಣ. ಅದರ ಘಾಟು ತಲೆಗೆ ಏರುತ್ತಿತ್ತು, ಕಣ್ಣು ಉರಿಯುತ್ತಿತ್ತು, ಹೊರಗೆ ಹೋಗಿ ಗಾಳಿ ಕುಡಿದರೆ ಸರಿಹೋಗುತ್ತಿತ್ತು. ಸಂಜೆ ಕೆಲಸ ಮುಗಿದ ಮೇಲೆ ಮೇಸ್ತ್ರಿ ಎಲ್ಲರಿಗೂ ಒಂದೊಂದು ಅಚ್ಚು ಬೆಲ್ಲ ಕೊಡುತ್ತಿದ್ದರು. ಬೆಲ್ಲ ತಿಂದರೆ ಎದೆಯ ಧೂಳು ಇಳಿಯುತ್ತದೆ ಎಂದು ಅವರು ನಂಬಿದ್ದರು, ನಾವೂ ನಂಬಿದ್ದೆವು. ಅವರ ಪ್ರೀತಿಯ ಬಗ್ಗೆ ನನಗೆ ಇಂದಿಗೂ ಗೌರವವಿದೆ, ಆದರೆ ಹೊಟ್ಟೆಗೆ ಹೋದ ಬೆಲ್ಲ ಶ್ವಾಸಕೋಶವನ್ನು ತೊಳೆಯುವುದಿಲ್ಲ. ಆ ದಿನಗಳಲ್ಲಿ ನಾನು ಕಲಿತ ಇನ್ನೊಂದು ತಪ್ಪು ಪಾಠ ಅದಕ್ಕಿಂತಲೂ ಕೆಟ್ಟದ್ದು. ವಾಸನೆ ಇದ್ದರೆ ಅಪಾಯ, ವಾಸನೆ ಹೋದರೆ ಅಪಾಯವೂ ಹೋಯಿತು ಎಂದು ನನ್ನ ಮೂಗು ನನಗೆ ಹೇಳಿಕೊಟ್ಟಿತ್ತು.

ಟೂಕೆ ಪೇಂಟಿನಲ್ಲಿ ಆ ಲೆಕ್ಕ ತಲೆಕೆಳಗಾಗುತ್ತದೆ. ಅದು ಎರಡು ಡಬ್ಬದ ಬಣ್ಣ. ಒಂದರಲ್ಲಿ ಬಣ್ಣ ಅಥವಾ ಕ್ಲಿಯರ್, ಇನ್ನೊಂದರಲ್ಲಿ ಹಾರ್ಡ್‌ನರ್. ಎರಡಕ್ಕೆ ಒಂದೋ ನಾಲ್ಕಕ್ಕೆ ಒಂದೋ ಅಳತೆಯಲ್ಲಿ ಬೆರೆಸಿದ ಮೇಲೆ ಅವೆರಡೂ ಸೇರಿ ಗಟ್ಟಿಯಾಗುತ್ತವೆ, ಆದ್ದರಿಂದಲೇ ಅದಕ್ಕೆ ಅಷ್ಟು ಹೊಳಪು, ಅಷ್ಟು ಬಾಳಿಕೆ. ಹಾರ್ಡ್‌ನರ್‌ನಲ್ಲಿರುವುದು ಐಸೊಸಯನೇಟ್ ಎಂಬ ಜಾತಿಯ ರಾಸಾಯನಿಕ; ವಾಹನದ ಬಣ್ಣಗಳಲ್ಲಿ ಸಾಮಾನ್ಯವಾಗಿ ಎಚ್‌ಡಿಐ ಎಂಬುದರಿಂದ ಮಾಡಿದ್ದು ಇರುತ್ತದೆ. 1984ರ ಡಿಸೆಂಬರ್‌ನಲ್ಲಿ ಭೋಪಾಲದಲ್ಲಿ ಸೋರಿದ ಮೀಥೈಲ್ ಐಸೊಸಯನೇಟ್ ಇದೇ ಕುಲದ್ದು. ಅದು ಬಹು ಬೇಗ ಆವಿಯಾಗಿ ಹರಡುವ ವಸ್ತು, ನಮ್ಮ ಹಾರ್ಡ್‌ನರ್ ಹಾಗಲ್ಲ, ಆದ್ದರಿಂದ ಎರಡನ್ನೂ ಒಂದೇ ಎಂದು ಹೇಳಿ ಯಾರನ್ನೂ ಹೆದರಿಸುವ ಉದ್ದೇಶ ನನಗಿಲ್ಲ. ಆದರೆ ಮುಚ್ಚಳ ಸರಿಯಾಗಿ ಹಾಕದ ಹಾರ್ಡ್‌ನರ್ ಡಬ್ಬವನ್ನು ಮಳೆಗಾಲದಲ್ಲಿ ನೀವೂ ನೋಡಿರುತ್ತೀರಿ: ಗಾಳಿಯ ತೇವಾಂಶ ತಾಗಿ ಒಳಗಿರುವುದು ಕೆನೆಗಟ್ಟುತ್ತದೆ, ಕೆಲವೊಮ್ಮೆ ಒಳಗೆ ಅನಿಲ ಹುಟ್ಟಿ ಡಬ್ಬವೇ ಉಬ್ಬಿಕೊಳ್ಳುತ್ತದೆ. ಬರಿಯ ತೇವಕ್ಕೇ ಹೀಗೆ ಪ್ರತಿಕ್ರಿಯಿಸುವ ವಸ್ತು ಸಣ್ಣ ಮಂಜಾಗಿ ಒದ್ದೆಯಾದ ಶ್ವಾಸನಾಳದೊಳಗೆ ಇಳಿದರೆ ಸುಮ್ಮನಿರುತ್ತದೆಯೇ ಎಂದು ನಾನು 21 ವರ್ಷದಲ್ಲಿ ಒಮ್ಮೆಯೂ ಯೋಚಿಸಿರಲಿಲ್ಲ. ಹಾನಿ ಮಾಡುವಷ್ಟು ಪ್ರಮಾಣದಲ್ಲಿ ಗಾಳಿಯಲ್ಲಿದ್ದರೂ ಅದು ಮೂಗಿಗೆ ತಿಳಿಯುವುದಿಲ್ಲ. ನಮಗೆ ಬರುವ ವಾಸನೆಯೆಲ್ಲ ಥಿನ್ನರ್‌ನದು.

ಗ್ಯಾರೇಜಿನಿಂದ ನಾನು ಪೀಣ್ಯದ ಒಂದು ಯೂನಿಟ್ಟಿಗೆ ಹೋದೆ. ಅಲ್ಲಿ ಜನರೇಟರ್‌ಗಳ ಹೊರಪೆಟ್ಟಿಗೆಗಳಿಗೆ ಪಿಯು (ಪಾಲಿಯುರೆಥೇನ್) ಪೇಂಟ್, ಅಂದರೆ ಇದೇ ಹಾರ್ಡ್‌ನರ್ ಬೆರೆಸುವ ಟೂಕೆ ಬಣ್ಣ, ಹೊಡೆಯುವ ಕೆಲಸ, ಬಿಡುವಿದ್ದಾಗ ಟೆಂಪೊ, ಶಾಲಾ ಬಸ್ಸುಗಳ ಕೆಲಸ. ಬೂತ್ ಎಂದು ಕರೆಯುತ್ತಿದ್ದರೂ ಅದು ಮೂರು ಕಡೆ ತಗಡು, ಒಂದು ಕಡೆ ಟಾರ್ಪಾಲಿನ್ ಕಟ್ಟಿದ ಕೋಣೆ. ಗೋಡೆಯಲ್ಲಿ ಒಂದು ಎಕ್ಸಾಸ್ಟ್ ಫ್ಯಾನ್ ಇತ್ತು. ಕ್ಲಿಯರ್ ಹೊಡೆಯುವಾಗ ಮಾತ್ರ ಅದನ್ನು ನಿಲ್ಲಿಸುತ್ತಿದ್ದೆವು. ಏಕೆಂದರೆ ಫ್ಯಾನ್ ಗಾಳಿಯನ್ನು ಹೊರಗೆ ಎಳೆದಾಗ ಟಾರ್ಪಾಲಿನ್ ಸಂದಿಯಿಂದ ಪಕ್ಕದ ಗ್ರೈಂಡಿಂಗ್ ಧೂಳು ಒಳಗೆ ಬಂದು ಹಸಿ ಕ್ಲಿಯರ್ ಮೇಲೆ ಕೂರುತ್ತಿತ್ತು, ಅದನ್ನು ಮತ್ತೆ ಉಜ್ಜಿ ಪಾಲಿಶ್ ಮಾಡಬೇಕಾಗುತ್ತಿತ್ತು, ಆ ನಷ್ಟ ನಮ್ಮ ಪೀಸ್ ಲೆಕ್ಕದಲ್ಲಿ ಕಳೆಯುತ್ತಿತ್ತು. ನೆಲಕ್ಕೆ ನೀರು ಚಿಮುಕಿಸಿ, ಟಾರ್ಪಾಲಿನ್ ಎಳೆದು, ಫ್ಯಾನ್ ಆರಿಸಿ, ಎಲ್ಲಕ್ಕಿಂತ ಹೆಚ್ಚು ಹಾರ್ಡ್‌ನರ್ ಇರುವ ಆ ಕೊನೆಯ ಕೋಟನ್ನು ನಾವು ಮುಚ್ಚಿದ ಕೋಣೆಯಲ್ಲಿ ಹೊಡೆಯುತ್ತಿದ್ದೆವು. ಫ್ಯಾನ್ ಆರಿಸಲು ನಮಗೆ ಯಾರೂ ಹೇಳಿರಲಿಲ್ಲ ಎಂಬುದು ನಿಜ. ಹಣದ ಲೆಕ್ಕವನ್ನು ಹಾಗೆ ಕಟ್ಟಿದ್ದರಿಂದ ಹೇಳುವ ಅಗತ್ಯವೇ ಬೀಳುತ್ತಿರಲಿಲ್ಲ.

ಇನ್ನೊಂದು ತಪ್ಪನ್ನು ನಾನು ನೋಡಿರುವ ಪೇಂಟರ್‌ಗಳೆಲ್ಲರೂ ಮಾಡುತ್ತಾರೆ, ಒಳ್ಳೆಯ ಮಾಸ್ಕ್ ಇದ್ದವರೂ ಮಾಡುತ್ತಾರೆ. ಕೋಟ್ ಮುಗಿದ ಕೂಡಲೇ ಗನ್ನಿನ ಟ್ರಿಗರ್ ಬಿಟ್ಟು, ಮಾಸ್ಕನ್ನು ಹಣೆಗೆ ಸರಿಸಿ, ಲೈಟನ್ನು ಅಡ್ಡ ಹಿಡಿದು, ಎಲ್ಲಿ ಬಣ್ಣ ಇಳಿದಿದೆ, ಎಲ್ಲಿ ಕಿತ್ತಳೆ ಸಿಪ್ಪೆಯಂತೆ ನಿಂತಿದೆ ಎಂದು ಮುಖವನ್ನು ಒಂದು ಅಡಿ ಹತ್ತಿರಕ್ಕೆ ಒಯ್ದು ನೋಡುತ್ತೇವೆ. ಕಣ್ಣಿಗೆ ಕಾಣುವ ಮೋಡ ಆಗಲೇ ಇಳಿದಿರುತ್ತದೆ. ಆದರೆ ಅತಿ ಸಣ್ಣ ಹನಿಗಳು ಕಾಣದಂತೆ ಗಾಳಿಯಲ್ಲೇ ತೇಲುತ್ತಿರುತ್ತವೆ. ಸರಿಯಾದ ಬೂತಿನಲ್ಲಿಯೇ ಅವು ಹೊರಹೋಗಲು ಹಲವು ನಿಮಿಷ ಬೇಕು, ಫ್ಯಾನ್ ಆರಿಸಿದ ತಗಡಿನ ಕೋಣೆಯಲ್ಲಿ ಇನ್ನೂ ಬಹಳ ಹೊತ್ತು ಉಳಿಯುತ್ತವೆ. ನಾನು ದಿನಕ್ಕೆ ಎಂಟು ಹತ್ತು ಸಲ ಹೀಗೆ ಮಾಸ್ಕ್ ಸರಿಸಿ ಆಳವಾಗಿ ಉಸಿರೆಳೆದುಕೊಂಡಿದ್ದೇನೆ, ಕೆಲಸ ಚೆನ್ನಾಗಿ ಬಂದಿತೆಂಬ ತೃಪ್ತಿಯಿಂದ.

ಮೊದಲು ಬಂದದ್ದು ರಾತ್ರಿಯ ಕೆಮ್ಮು. ಕೆಲಸದ ಹೊತ್ತಿನಲ್ಲಿ ಏನೂ ಆಗುತ್ತಿರಲಿಲ್ಲ, ಆದ್ದರಿಂದ ಕೆಲಸಕ್ಕೂ ಕೆಮ್ಮಿಗೂ ನಂಟು ಇರಬಹುದೆಂದು ಹೊಳೆಯಲಿಲ್ಲ. ಊಟ ಮಾಡಿ ಮಲಗಿದ ಮೇಲೆ ಒಣಕೆಮ್ಮು ಶುರುವಾಗಿ, ಮಧ್ಯರಾತ್ರಿ ಎದೆಗೆ ಹಗ್ಗ ಬಿಗಿದಂತಾಗಿ, ಎದ್ದು ಕುಳಿತು ಬೆಳಗು ಮಾಡುತ್ತಿದ್ದೆ. ಈ ಕಾಯಿಲೆ ಹಲವರಲ್ಲಿ ಉಸಿರಾಡಿದ ಕೆಲವು ಗಂಟೆಗಳ ನಂತರವೇ ಕಾಣಿಸಿಕೊಳ್ಳುತ್ತದೆ ಎಂದು ಆಮೇಲೆ ತಿಳಿಯಿತು. ಬಡಾವಣೆಯ ಕ್ಲಿನಿಕ್ಕಿನಲ್ಲಿ ಕೆಮ್ಮಿನ ಸಿರಪ್ ಕೊಟ್ಟರು. ಇನ್ನೊಂದು ಕಡೆ ಬೀಡಿ ಬಿಡಿ ಎಂದರು. ನಾನು ಬೀಡಿ ಸೇದಿದವನೇ ಅಲ್ಲ. ಕ್ಷಯವಿರಬಹುದೆಂದು ಎರಡು ಸಲ ಕಫ ಪರೀಕ್ಷೆಯಾಯಿತು, ಎಕ್ಸ್‌ರೇ ಆಯಿತು, ಏನೂ ಸಿಗಲಿಲ್ಲ. ಹೀಗೆ ಹದಿನಾಲ್ಕು ತಿಂಗಳು ಕಳೆದವು, ಆ ಹದಿನಾಲ್ಕು ತಿಂಗಳೂ ನಾನು ಗನ್ ಹಿಡಿದೇ ಇದ್ದೆ.

ನಂಟನ್ನು ಮೊದಲು ಕಂಡವಳು ನನ್ನ ಹೆಂಡತಿ. ಆಯುಧಪೂಜೆಯ ದಿನ ಕಂಪ್ರೆಸರ್‌ಗೂ ಗನ್ನುಗಳಿಗೂ ಕುಂಕುಮ ಇಟ್ಟು, ಕುಂಬಳಕಾಯಿ ಒಡೆದು, ಶೆಡ್ ಬಾಗಿಲು ಹಾಕಿ ನಾವು ಊರಿಗೆ ಹೋಗಿದ್ದೆವು. ಒಂಬತ್ತು ದಿನ ಅಲ್ಲಿದ್ದೆ. ನಾಲ್ಕನೆಯ ರಾತ್ರಿಯಿಂದ ಕೆಮ್ಮಿಲ್ಲದೆ ನಿದ್ದೆ ಮಾಡಿದೆ. ಬೆಂಗಳೂರಿಗೆ ಬಂದು ಕೆಲಸಕ್ಕೆ ಹೋದ ಎರಡನೆಯ ರಾತ್ರಿಯೇ ಮತ್ತೆ ಎದ್ದು ಕುಳಿತೆ. “ರೀ, ಊರಲ್ಲಿ ನಾಲ್ಕನೇ ರಾತ್ರಿಯಿಂದ ಒಂದು ಸಲವೂ ಕೆಮ್ಮಲಿಲ್ಲವಲ್ಲ. ಆ ಶೆಡ್ಡಿನಲ್ಲೇ ಏನೋ ಇದೆ” ಎಂದಳು. ಊರಿನ ಗಾಳಿ ಒಳ್ಳೆಯದು, ಅದಕ್ಕೇ ಹಾಗೆ ಎಂದು ನಾನು ಅವಳ ಮಾತನ್ನು ತಳ್ಳಿಹಾಕಿದೆ. ಆ ಮಾತನ್ನು ಅಂದೇ ಕೇಳಿದ್ದರೆ ಇನ್ನೂ ನಾಲ್ಕೈದು ತಿಂಗಳ ಹಾನಿ ತಪ್ಪುತ್ತಿತ್ತು ಎಂಬ ನೋವು ನನಗೆ ಇಂದಿಗೂ ಇದೆ.

ಕೊನೆಗೆ ದೊಡ್ಡ ಆಸ್ಪತ್ರೆಯೊಂದರ ಶ್ವಾಸಕೋಶ ವಿಭಾಗದ ವೈದ್ಯೆಯೊಬ್ಬರು, ಅಷ್ಟು ದಿನ ಯಾರೂ ಕೇಳದಿದ್ದ ಪ್ರಶ್ನೆಯನ್ನು ಕೇಳಿದರು: “ನೀವು ಏನು ಕೆಲಸ ಮಾಡುತ್ತೀರಿ?” ಪೇಂಟರ್ ಎಂದೆ. “ಗೋಡೆಗೋ, ಗಾಡಿಗೋ? ಹಾರ್ಡ್‌ನರ್ ಬೆರೆಸುತ್ತೀರಾ?” ಎಂದು ಮತ್ತೆ ಕೇಳಿದರು. ನನ್ನ ಕೈಗೆ, ಉಸಿರು ಎಷ್ಟು ರಭಸವಾಗಿ ಹೊರಬರುತ್ತದೆ ಎಂದು ಅಳೆಯುವ ಪೀಕ್ ಫ್ಲೋ ಮೀಟರ್ ಎಂಬ ಪ್ಲಾಸ್ಟಿಕ್ ಕೊಳವೆಯೊಂದನ್ನು ಕೊಟ್ಟು, ದಿನಕ್ಕೆ ನಾಲ್ಕು ಸಲ ಜೋರಾಗಿ ಊದಿ ಅದರ ಮುಳ್ಳು ತೋರಿಸುವ ಅಂಕಿಯನ್ನು ನೋಟ್‌ಬುಕ್ಕಿನಲ್ಲಿ ಬರೆಯಲು ಹೇಳಿದರು. ಎರಡು ವಾರ ರಜೆಯಲ್ಲಿ, ಎರಡು ವಾರ ಕೆಲಸದಲ್ಲಿ. ರಜೆಯ ಕೊನೆಗೆ 460ರ ಹತ್ತಿರ ನಿಲ್ಲುತ್ತಿದ್ದ ಮುಳ್ಳು ಕೆಲಸಕ್ಕೆ ಮರಳಿದ ಮೂರನೆಯ ಸಂಜೆ 290ಕ್ಕೆ ಬಂದಿತ್ತು. ಮಗಳ ಹಳೆಯ ಲೆಕ್ಕದ ಪುಸ್ತಕದಲ್ಲಿ ನೀಲಿ ಶಾಯಿಯಲ್ಲಿ ಬರೆದ ಆ ಅಂಕಿಗಳೇ, ಎಕ್ಸ್‌ರೇ ಹೇಳದಿದ್ದುದನ್ನು ಹೇಳಿದವು.

ವೈದ್ಯೆ ಹೇಳಿದ್ದರಲ್ಲಿ ನಾನು ಅತ್ಯಂತ ಕಷ್ಟಪಟ್ಟು ಒಪ್ಪಿಕೊಂಡದ್ದು ಇದು. ಒಮ್ಮೆ ಈ ವಸ್ತು ಮೈಗೆ ಒಗ್ಗದಂತಾಯಿತೆಂದರೆ ಆಮೇಲೆ ಪ್ರಮಾಣದ ಮಾತೇ ಇರುವುದಿಲ್ಲ. ಬೇರೆಯವರಿಗೆ ಏನೂ ಮಾಡದ ಅತಿ ಸ್ವಲ್ಪವೇ ನಮಗೆ ಸಾಕು. ಸ್ವಲ್ಪ ಸುಧಾರಿಸಿಕೊಂಡು ಮತ್ತೆ ಗನ್ ಹಿಡಿಯುತ್ತೇನೆ, ಬೂತಿನ ಹೊರಗೆ ನಿಂತು ಬರೀ ಬಣ್ಣ ಬೆರೆಸುತ್ತೇನೆ ಎಂದೆಲ್ಲ ನಾನು ವಾದಿಸಿದೆ. ಇನ್ಹೇಲರ್ ಇದೆಯಲ್ಲ ಎಂಬ ಧೈರ್ಯದ ಮೇಲೆ ಒಂದು ತಿಂಗಳು ಹಾಗೆಯೇ ಮಾಡಿಯೂ ನೋಡಿದೆ. ಬೆರೆಸುವ ಮೇಜಿನ ಪಕ್ಕದಲ್ಲೇ ಕುಸಿದು ಕುಳಿತ ದಿನ, ತುಟಿ ನೀಲಿಗಟ್ಟಿತ್ತೆಂದು ಜೊತೆಯ ಹುಡುಗರು ಹೇಳಿದರು. ಕೆಮ್ಮು ಶುರುವಾದ ಮೊದಲ ತಿಂಗಳುಗಳಲ್ಲೇ ಈ ಬಣ್ಣದಿಂದ ದೂರವಾದವರಲ್ಲಿ ಹಲವರು ಬಹುಮಟ್ಟಿಗೆ ಸುಧಾರಿಸುತ್ತಾರೆ. ತಡ ಮಾಡಿದಷ್ಟೂ ಆಸ್ತಮಾ ಶಾಶ್ವತವಾಗಿ ಉಳಿಯುವ ಸಾಧ್ಯತೆ ಹೆಚ್ಚು. ನನಗೆ ಉಳಿದಿದೆ.

ಮಾಸ್ಕ್ ಹಾಕಿರಲಿಲ್ಲವೇ ಎಂದು ಕೇಳುವವರಿದ್ದಾರೆ. ಹಾಕಿದ್ದೆ. ಮೊದಲು ಕರವಸ್ತ್ರ, ಆಮೇಲೆ ಬಿಳಿ ಎನ್95, ಕೊನೆಯ ಮೂರು ವರ್ಷ ಎರಡು ಬದಿ ಇದ್ದಿಲಿನ ಕಾರ್ಟ್ರಿಡ್ಜ್ ಇರುವ ರಬ್ಬರ್ ಮಾಸ್ಕ್. ಬಟ್ಟೆ ಏನನ್ನೂ ತಡೆಯುವುದಿಲ್ಲ, ಎನ್95 ಹನಿಗಳನ್ನು ತಡೆದರೂ ಆವಿಯನ್ನು ತಡೆಯುವುದಿಲ್ಲ. ಕಾರ್ಟ್ರಿಡ್ಜ್ ಮಾಸ್ಕ್ ಕೆಲಸ ಮಾಡಬೇಕಾದರೆ ಅದು ಮುಖಕ್ಕೆ ಸಂದಿಲ್ಲದೆ ಕೂರಬೇಕು, ಎರಡು ದಿನದ ಗಡ್ಡವಿದ್ದರೂ ಕೂರುವುದಿಲ್ಲ. ಕಾರ್ಟ್ರಿಡ್ಜ್ ತುಂಬಿಹೋದಾಗ ವಾಸನೆ ಬಂದು ಗೊತ್ತಾಗುತ್ತದೆ ಎಂಬ ಮಾತು ಥಿನ್ನರ್‌ಗೆ ಸಲ್ಲುತ್ತದೆಯೇ ಹೊರತು ಹಾರ್ಡ್‌ನರ್‌ಗಲ್ಲ. ನಾನು ಒಂದೇ ಜೋಡಿಯನ್ನು ಆರು ತಿಂಗಳು ಬಳಸಿದ್ದೆ. ಟೂಕೆ ಹೊಡೆಯುವವರಿಗೆ ನಿಜವಾಗಿ ಬೇಕಾದದ್ದು ಹೊರಗಿನಿಂದ ಕೊಳವೆಯಲ್ಲಿ ಶುದ್ಧ ಗಾಳಿ ಬರುವ ಮುಖವಾಡ. ಅದಕ್ಕಾಗಿ ಕಂಪ್ರೆಸರ್‌ನ ಪೈಪನ್ನೇ ನೇರವಾಗಿ ತಂದು ಸಿಕ್ಕಿಸಿಕೊಂಡವರನ್ನು ಕಂಡಿದ್ದೇನೆ, ದಯವಿಟ್ಟು ಹಾಗೆ ಮಾಡಬೇಡಿ. ಆ ಗಾಳಿಯಲ್ಲಿ ಎಣ್ಣೆಯ ಹಬೆ ಇರುತ್ತದೆ, ಕಂಪ್ರೆಸರ್ ಅತಿಯಾಗಿ ಬಿಸಿಯಾದರೆ ಕಾರ್ಬನ್ ಮಾನಾಕ್ಸೈಡ್ ಕೂಡ ಬರಬಹುದು. ಉಸಿರಾಟಕ್ಕೆಂದೇ ಮಾಡಿದ ಫಿಲ್ಟರ್ ವ್ಯವಸ್ಥೆ ನಡುವೆ ಇರಲೇಬೇಕು. ಕೈಯನ್ನು ಥಿನ್ನರ್‌ನಲ್ಲಿ ತೊಳೆಯುವ ಅಭ್ಯಾಸವನ್ನೂ ಬಿಡಿ, ಹಾರ್ಡ್‌ನರ್ ಚರ್ಮಕ್ಕೆ ತಾಗುವುದರಿಂದಲೂ ಮೈ ಒಗ್ಗದಂತಾಗಬಹುದು. ಟಿಂಕರಿಂಗ್ ಮಾಡುವವರಿಗೂ ಒಂದು ಮಾತು: ಪಿಯು ಬಣ್ಣವಿರುವ ತಗಡನ್ನು ಬಣ್ಣ ಕೆರೆಯದೆ ವೆಲ್ಡಿಂಗ್ ಮಾಡಿದರೆ ಆ ಹೊಗೆಯಲ್ಲಿ ಇದೇ ಐಸೊಸಯನೇಟ್ ಮತ್ತೆ ಹೊರಬರುತ್ತದೆ.

ಮಾಲೀಕರ ಬಳಿ ಹೋದಾಗ “ಏನಪ್ಪಾ, ಇಷ್ಟು ವರ್ಷ ಆಗದ್ದು ಈಗ ಆಯಿತೇ?” ಎಂದು ಕೇಳಿ, ಒಂದು ತಿಂಗಳ ಸಂಬಳ ಕೊಟ್ಟು ಕಳಿಸಿದರು. ಆಗ ಜಾರಿಯಲ್ಲಿದ್ದ 1948ರ ಕಾರ್ಖಾನೆ ಕಾಯ್ದೆಯ ಮೂರನೆಯ ಅನುಸೂಚಿಯಲ್ಲಿ, ವರದಿ ಮಾಡಲೇಬೇಕಾದ ಕಾಯಿಲೆಗಳ ಪಟ್ಟಿಯೊಳಗೆ, ಐಸೊಸಯನೇಟ್ ವಿಷಬಾಧೆಯ ಹೆಸರು ಇತ್ತು. ಆದರೆ ಶೆಡ್ಡಿನಲ್ಲಿ ನಾವು 14 ಜನ ದುಡಿಯುತ್ತಿದ್ದರೂ ಹಾಜರಿ ಪುಸ್ತಕದಲ್ಲಿ ಏಳೇ ಹೆಸರುಗಳಿದ್ದವು. ಹತ್ತು ಜನರಿದ್ದರೆ ಇಎಸ್‌ಐ (ನೌಕರರ ರಾಜ್ಯ ವಿಮೆ) ಕಟ್ಟಬೇಕಾಗುತ್ತದೆ, ತಿಂಗಳಿಗೆ 21,000 ರೂಪಾಯಿಯವರೆಗೆ ಸಂಬಳವಿರುವವರು ಅದರೊಳಗೆ ಬರುತ್ತಾರೆ, ನನ್ನ ಸಂಬಳ ಅದಕ್ಕಿಂತ ಕಡಿಮೆಯಿತ್ತು. ಆ ಏಳರಲ್ಲಿ ನನ್ನ ಹೆಸರು ಇದೆಯೋ ಇಲ್ಲವೋ ಎಂದು ಒಂದು ದಿನವೂ ನಾನು ನೋಡಿರಲಿಲ್ಲ. ಇರಲಿಲ್ಲ. ಉಸಿರು ಚೆನ್ನಾಗಿರುವಾಗಲೇ ನಿಮ್ಮ ಇಎಸ್‌ಐ ಸಂಖ್ಯೆಯನ್ನು ಕೇಳಿ ಪಡೆದುಕೊಳ್ಳಿ, ಸಂಬಳದ ಚೀಟಿ ಇಟ್ಟುಕೊಳ್ಳಿ.

ನಮ್ಮ ಶೆಡ್ಡಿಗೆ ಹಾರ್ಡ್‌ನರ್ ಬರುತ್ತಿದ್ದದ್ದು ಅಂಗಡಿಯಲ್ಲಿ ದೊಡ್ಡ ಡಬ್ಬದಿಂದ ಬಗ್ಗಿಸಿಕೊಟ್ಟ, ಲೇಬಲ್ ಇಲ್ಲದ ಬಾಟಲಿಗಳಲ್ಲಿ. ಕೆಲಸ ಬಿಟ್ಟ ಮೇಲೆ ಗೆಳೆಯನ ಅಂಗಡಿಯಲ್ಲಿ ಯುರೋಪಿನಿಂದ ಬಂದ ಒಂದು ಸೀಲು ಒಡೆಯದ ಡಬ್ಬವನ್ನು ಕೈಗೆತ್ತಿಕೊಂಡೆ. ಕೆಂಪು ಚೌಕದೊಳಗೆ ಒಬ್ಬ ಮನುಷ್ಯನ ಕಪ್ಪು ಆಕೃತಿ, ಅವನ ಎದೆಯಲ್ಲಿ ನಕ್ಷತ್ರದಂತೆ ಬಿರುಕುಬಿಟ್ಟ ಬಿಳಿ ಗುರುತು. ಅದರ ಕೆಳಗೆ, 24 ಆಗಸ್ಟ್ 2023ರಿಂದ ತರಬೇತಿ ಪಡೆಯದೆ ಇದನ್ನು ವೃತ್ತಿಗಾಗಿ ಬಳಸುವಂತಿಲ್ಲ ಎಂಬ ಸಾಲು. ಮಗಳು ಅದನ್ನು ಓದಿ ಅರ್ಥ ಹೇಳಿದಳು. ಇಷ್ಟು ವರ್ಷದಲ್ಲಿ ಅಂಥ ತರಬೇತಿ ಎಂಬುದೊಂದು ಇದೆಯೆಂದೇ ನನಗೆ ಗೊತ್ತಿರಲಿಲ್ಲ.

ನಿಮಗೆ ಕೆಮ್ಮೋ, ಎದೆ ಬಿಗಿತವೋ, ರಾತ್ರಿ ಉಬ್ಬಸವೋ ಇದ್ದು, ಅದು ಹಬ್ಬದ ರಜೆಯಲ್ಲಿ ಕಡಿಮೆಯಾಗಿ ಕೆಲಸಕ್ಕೆ ಹೋದ ಮೇಲೆ ಮರಳುತ್ತಿದ್ದರೆ, ಯಾವ ದಿನ ಯಾವ ಬಣ್ಣ ಹೊಡೆದಿರಿ, ಯಾವ ರಾತ್ರಿ ಕೆಮ್ಮಿದಿರಿ ಎಂದು ಇಂದಿನಿಂದಲೇ ಬರೆದಿಡಿ. ವೈದ್ಯರು ಕೇಳದಿದ್ದರೂ ನಿಮ್ಮ ಕೆಲಸವೇನೆಂದು ನೀವೇ ಹೇಳಿ, ಹಾರ್ಡ್‌ನರ್ ಎಂಬ ಪದವನ್ನೂ ಐಸೊಸಯನೇಟ್ ಎಂಬ ಪದವನ್ನೂ ಬಾಯಿಬಿಟ್ಟು ಹೇಳಿ. ಬಾಟಲಿಗೆ ಬಗ್ಗಿಸಿದ್ದಾದರೆ ಅಂಗಡಿಗೆ ಹೋಗಿ ಮೂಲ ಡಬ್ಬದ ಲೇಬಲನ್ನು ಮೊಬೈಲಿನಲ್ಲಿ ಫೋಟೊ ತೆಗೆದುಕೊಂಡು, ಆ ನೋಟ್‌ಬುಕ್ಕಿನ ಜೊತೆಗೆ ಅವರ ಮೇಜಿನ ಮೇಲೆ ಇಡಿ.